ಟಣ್ ಎಂದ ನೆಲ

ಮೊನ್ನೆ ಅಳಿಯ ಅಂಗಡಿಯಿಂದ ಒಂದು ಟೈಲ್ಸನ್ನು ಮಾದರಿಗೆಂದು ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟ. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಅವನು ಕಾರು ರಿಪೇರಿ ಮಾಡುತ್ತಾನೆ. ಅದಕ್ಕೆ ಹೊಸ ನೆಲ ಹಾಕಿಸಬೇಕೆಂದು ಮನೆಯಲ್ಲಿ ವಾರದಿಂದ ಚರ್ಚೆ ನಡೆದಿತ್ತು. ಟೈಲ್ಸನ್ನು ಬೀಗದ ಕೈಯಿಂದ ತಟ್ಟಿದ. ಟಣ್ ಎಂದಿತು.

"ಕೇಳಿ ಮಾವ, ಗಂಟೆ ಥರ ಇದೆ," ಎಂದ.

ಲೋಟವನ್ನು ಪಕ್ಕಕ್ಕೆ ಸರಿಸಿದೆ. ಎಂಬತ್ತು ದಾಟಿದವನು ಕಾಫಿಯನ್ನು ಅರ್ಧಕ್ಕೇ ಬಿಟ್ಟರೆ ಯಾರೂ ಕಾರಣ ಕೇಳುವುದಿಲ್ಲ. ಮುಪ್ಪಿನಲ್ಲಿ ಇರುವ ಕೆಲವೇ ಅನುಕೂಲಗಳಲ್ಲಿ ಅದೂ ಒಂದು.

ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯ ಶಾಲೆಗೆ ಮೇಷ್ಟ್ರಾಗಿ ಹೋದೆ. ಊಟಿ ರಸ್ತೆಯ ಪಕ್ಕದ ಒಂದು ಮನೆಯಲ್ಲಿ ಬಾಡಿಗೆಗೆ ಕೋಣೆ ಸಿಕ್ಕಿತು. ಮನೆಯ ಯಜಮಾನರು ಹೊಲಗದ್ದೆಯುಳ್ಳ ಲಿಂಗವಂತ ಮನೆತನದವರು. ಆದರೆ ಅವರ ಬುದ್ಧಿ ನೇಗಿಲಿಗೆ ಒಗ್ಗದೆ ಮೋಟಾರಿಗೆ ಒಲಿದಿತ್ತು. ಹೊಲ ತಮ್ಮಂದಿರಿಗೆ ಬಿಟ್ಟು, ಎತ್ತಿನ ಗಾಡಿ ನಿಲ್ಲುತ್ತಿದ್ದ ಕೊಟ್ಟಿಗೆಯನ್ನೇ ಗ್ಯಾರೇಜು ಮಾಡಿಕೊಂಡಿದ್ದರು. ಗಡಿಯ ಮದ್ದೂರಿನ ಕಾಡು ದಾಟಿ ಕೇರಳದಿಂದ ಬರುವ ಲಾರಿಗಳೂ, ಊಟಿಗೆ ಹೊರಟು ಇಲ್ಲಿಗೇ ಸುಸ್ತಾದ ದೊಡ್ಡವರ ಕಾರುಗಳೂ ಅವರ ಬಾಗಿಲಿಗೆ ಬಂದು ಕೆಮ್ಮುತ್ತಿದ್ದವು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಉಳಿದ ವಿಭೂತಿಯನ್ನು ಕೆಟ್ಟ ಗಾಡಿಯ ಮೂತಿಗೆ ಬಳಿದು, ಆಮೇಲೆ ಸ್ಪ್ಯಾನರು ಹಿಡಿಯುವುದು ಅವರ ಕ್ರಮ. ಗಾಡಿ ಯಾವ ಮತದ್ದಾದರೂ ರಿಯಾಯಿತಿ ಇರಲಿಲ್ಲ.

ನನ್ನ ಕೋಣೆಗೂ ಗ್ಯಾರೇಜಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಅದರಾಚೆಯಿಂದ ಬರುವ ಒಂದು ಮಾತು ನನ್ನ ಆ ದಿನಗಳನ್ನೆಲ್ಲ ಆಳಿತು... "ಹೂಂ."

ಯಜಮಾನರು ಲಾರಿಯ ಕೆಳಗೆ ಮಲಗಿದರೆಂದರೆ ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಅಡಿಗೆಮನೆಯ ಹಿಂಬಾಗಿಲಲ್ಲಿ ಕೂತು ಮಾತು ಶುರು ಮಾಡುತ್ತಿದ್ದರು. "ಉಪ್ಪು ಆಗೋಯ್ತು, ಕೇಳುಸ್ತಾ?" ಲಾರಿಯ ಕೆಳಗಿನಿಂದ, "ಹೂಂ." "ಚಂದಕವಾಡಿ ಅತ್ತೆಮ್ಮ ಬತ್ತಳಂತೆ, ಕೇಳುಸ್ತಾ?" "ಹೂಂ." ಉಪ್ಪಿನ ಬಗ್ಗೆಯಾಗಲಿ ಅತ್ತೆಮ್ಮನ ಬಗ್ಗೆಯಾಗಲಿ ಆಕೆಗೆ ಏನೂ ಆಗಬೇಕಾಗಿರಲಿಲ್ಲ. ಗಂಡ ಉಸಿರಾಡುತ್ತಿದ್ದಾನೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಕತೆ ಹೇಳುವ ಅಜ್ಜಿಗೆ ಮಕ್ಕಳು ಹೂಂಗುಟ್ಟದಿದ್ದರೆ ಕತೆ ನಿಲ್ಲುತ್ತದೆ. ಇಲ್ಲಿ ಹೂಂ ನಿಂತರೆ ಸಂಸಾರವೇ ನಿಲ್ಲುತ್ತದೆ ಎಂದು ಆಕೆ ನಂಬಿದ್ದರು.

ನಂಬಲು ಕಾರಣವಿತ್ತು. ಗ್ಯಾರೇಜಿನ ನೆಲ ಮಣ್ಣಿನದು. ಎಣ್ಣೆ ಕುಡಿದು ಕುಡಿದು ಹದವಾಗಿ, ಕಲಸಿದ ರಾಗಿಹಿಟ್ಟಿನಂತಾಗಿತ್ತು. ಕೆಳಗೆ ದಪ್ಪ ಹಲಗೆ ಇಟ್ಟು ಅದರ ಮೇಲೆ ಜ್ಯಾಕು ನಿಲ್ಲಿಸಿ ಲಾರಿಯನ್ನು ಎತ್ತಿದರೂ, ನೋಡುತ್ತಿದ್ದಂತೆಯೇ ಹಲಗೆ ಬೆರಳಷ್ಟು ಒಳಗಿಳಿಯುತ್ತಿತ್ತು. ಕಬ್ಬಿಣ ಒಮ್ಮೆ ನರಳುತ್ತಿತ್ತು. ಗೋಡೆಯ ಈಚೆ ನಾನು ಮಕ್ಕಳ ಕಾಪಿ ತಿದ್ದುತ್ತಿದ್ದವನು ಪೆನ್ಸಿಲು ಎತ್ತಿ ಹಿಡಿದು ಕಾಯುತ್ತಿದ್ದೆ. ಹೂಂ ಬಂದ ಮೇಲೆಯೇ ಮುಂದಿನ ಸಾಲು. ಆ ವರ್ಷ ನನ್ನ ತರಗತಿಯ ಕೆಲವು ಮಕ್ಕಳಿಗೆ ತಪ್ಪು ಉತ್ತರಕ್ಕೂ ಸರಿ ಗುರುತು ಸಿಕ್ಕಿದ್ದರೆ ಅದರ ಪುಣ್ಯ ಯಜಮಾನರಿಗೆ ಸೇರಬೇಕು.

ಕೊನೆಗೆ ಅಕ್ಕ ಒಂದು ದಿನ ಊಟ ಬಡಿಸದೆ ಕೂತರು. "ನೆಲ ಗಟ್ಟಿ ಮಾಡ್ಸೋಗಂಟ ಈ ಮನೇಲಿ ಒಲೆ ಹತ್ತಲ್ಲ."

ಹೀಗೆ ಗುಂಡ್ಲುಪೇಟೆಯ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ಗ್ಯಾರೇಜಿನ ನೆಲದ ಬಗ್ಗೆ ಗಂಭೀರ ಸಮಾಲೋಚನೆ ನಡೆಯಿತು. ಅಕ್ಕನ ಪಕ್ಷ ಕಲ್ಲು ಚಪ್ಪಡಿಯದು. ಯಜಮಾನರು ನನ್ನನ್ನೂ ಕರೆದುಕೊಂಡು ಚಾಮರಾಜನಗರದ ಕಡೆಯ ಕಲ್ಲುಕುಟಿಗರಲ್ಲಿಗೆ ಹೋದರು. ಅಲ್ಲಿ ಒಂದು ಚಪ್ಪಡಿಯ ಮೇಲೆ, ನೆರೆದವರೆಲ್ಲ ನೋಡುತ್ತಿರುವಂತೆ, ಅಂಗಾತ ಮಲಗಿಬಿಟ್ಟರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇದ್ದರು. ಒಬ್ಬ ಮುದುಕಿ ಹತ್ತಿರ ಬಂದು, ಮಣ್ಣು ಮಾಡುವುದು ಯಾವಾಗ ಎಂದು ನನ್ನನ್ನು ಮೆಲ್ಲಗೆ ವಿಚಾರಿಸಿದಳು.

ಎದ್ದು ಹೇಳಿದರು: "ಶೀತ ಕಣಿ ಮೇಷ್ಟ್ರೆ. ನೆಲವ ನೋಡಬೇಕಾದ್ದು ಕಾಲಲ್ಲ, ಬೆನ್ನು. ದಿನಾ ಇದರ ಮೇಲೆ ಮನಗುದ್ರೆ ಲಾರಿ ಬೀಳೋ ಮುಂಚೆ ವಾಯುನೇ ಹೊಡೀತದೆ."

ಗಾರೆ ನೆಲ ಸುತ್ತಿಗೆ ಬಿದ್ದರೆ ಎದ್ದು ಬರುತ್ತದೆ ಎಂದು ಅದನ್ನೂ ತಳ್ಳಿಹಾಕಿದರು. ಆಗ ಬಂದವನು ಕಾಕ. ಸುಲ್ತಾನ್ ಬತ್ತೇರಿ ಕಡೆಯ ಲಾರಿ ಡ್ರೈವರು, ಯಜಮಾನರ ಖಾಯಂ ಗಿರಾಕಿ. ಅವನನ್ನು ಎಲ್ಲರೂ ಕಾಕ ಎಂದೇ ಕರೆಯುತ್ತಿದ್ದರು. ಬೀಡಿಯನ್ನು ತುಟಿಯ ಆಚೆ ಬದಿಗೆ ಸರಿಸಿ ಹೇಳಿದ: "ಎಂಥದು ಕಲ್ಲು? ನಮ್ಮಲ್ಲಿ ಓಡು ಉಂಟಲ್ಲ, ಓಡು."

ಅಕ್ಕ ಸೌಟು ಹಿಡಿದು ಬಾಗಿಲಿಗೆ ಓಡಿ ಬಂದರು. "ಯಾಕಪ್ಪ ಓಡದು? ಏನಾಯ್ತು?"

ಮಲಯಾಳದಲ್ಲಿ ಹೆಂಚಿಗೆ ಓಡು ಎನ್ನುತ್ತಾರೆಂದು ನಾನು ಗಂಟಲು ಸರಿಮಾಡಿಕೊಂಡು ವಿವರಿಸಿದೆ. ನಮ್ಮಲ್ಲೂ ಮಡಕೆಯ ಚೂರಿಗೆ ಓಡು ಎನ್ನುವುದುಂಟೆಂದು ಸೇರಿಸಿದೆ. ಯಾರೂ ಕೇಳಲಿಲ್ಲ. ಅಂದಿನಿಂದ ಅದೊಂದು ಆಟವಾಯಿತು. ಕಾಕ ಬೀದಿಯಲ್ಲಿ ಕಂಡರೆ ಯಜಮಾನರು, "ಓಡು ಬಂತೇನ್ಲಾ?" ಎನ್ನುವುದು, ಅವನು ಎರಡು ಹೆಜ್ಜೆ ಓಡಿ ತೋರಿಸುವುದು. ಕಾಡಿನ ರಸ್ತೆಯಲ್ಲಿ ಆನೆಗೆ ಹೆದರಿ ಇಂಜಿನ್ನು ಆರಿಸಿ ಕೂರುವ ಮನುಷ್ಯನಿಗೆ ಅದೊಂದು ನಗೆ ಬೇಕಾಗಿತ್ತು.

ಹೆಂಚು ಬಂತು. ಚೌಕದ್ದು, ಕೆಂಪಗಿನದು, ಬೆನ್ನಿಗೆ ಬೆಚ್ಚಗಿನದು. ನಮ್ಮ ಕಡೆ ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಟಣ್ ಎಂದರೆ ಚೆನ್ನಾಗಿ ಬೆಂದಿದೆ, ಡಬ್ ಎಂದರೆ ಬಿರುಕು. ಅದೇ ನ್ಯಾಯದಿಂದ ಪ್ರತಿಯೊಂದು ಹೆಂಚನ್ನೂ ತಟ್ಟಿಯೇ ಇಳಿಸಿಕೊಂಡರು. ಮರಳು ಹಾಸಿ ನೆಲಕ್ಕೆ ಕೂರಿಸಿದ ಮೇಲೂ ತಟ್ಟುವುದು ನಿಲ್ಲಲಿಲ್ಲ. ಬೀದಿಯವರೆಲ್ಲ ಮದುವೆಗೆ ಬಂದಂತೆ ಬಂದು, ಮಂಡಿಯೂರಿ, ತಟ್ಟಿ, ತಲೆದೂಗಿ ಹೋದರು. ಹೆಚ್ಚಿನವು ದಪ್ಪಗೆ ಡಬ್ ಎನ್ನುತ್ತಿದ್ದವು. ಅದಕ್ಕೆ ಯಜಮಾನರಿಗೆ ಬೇಜಾರು. ಆದರೆ ನಟ್ಟನಡುವೆ ಕೆಲವು ಹೆಂಚುಗಳು ಎಷ್ಟು ತಟ್ಟಿದರೂ ಟಣ್ ಎಂದು ಹಾಡುತ್ತಿದ್ದವು. "ಇವು ಕಣಿ ಹೆಂಚು ಅಂದ್ರೆ," ಎಂದು ಜ್ಯಾಕು ನಿಲ್ಲಿಸುವ ಜಾಗವನ್ನು ಅಲ್ಲಿಯೇ ಗೊತ್ತು ಮಾಡಿದರು. ನಾನೂ ತಟ್ಟಿ, ಹಾಡು ಕೇಳಿ, ಹೌದು ಎಂದೆ. ಗಡಿಗೆಗೆ ಒಂದು ನ್ಯಾಯ, ನೆಲಕ್ಕೆ ಇನ್ನೊಂದು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಹಲಗೆಯನ್ನು ಅಟ್ಟಕ್ಕೆ ಹಾಕಿಸಿದರು. ಅಕ್ಕ ಬೇಡವೆಂದರು. "ಹೊಸ ಸೀರೆ ಮೇಲೆ ಹಳೇ ಕಂಬಳಿ ಹೊದ್ದಾರಾ? ಬುಡು," ಎಂದರು ಯಜಮಾನರು.

ಅಕ್ಕ ಮಾತ್ರ ಹೂಂ ಕೇಳುವುದನ್ನು ಬಿಡಲಿಲ್ಲ. ಸದ್ಯ.

ಆ ದಿನ ಭಾನುವಾರ, ಮಟಮಟ ಮಧ್ಯಾಹ್ನ. ಕಾಕನ ಲಾರಿ ಮೂತಿಯನ್ನಷ್ಟೇ ಒಳಗಿಟ್ಟು, ಉಳಿದ ದೇಹವನ್ನು ಬೀದಿಯಲ್ಲಿ ಬಿಟ್ಟು ನಿಂತಿತ್ತು. ಮುಂದಿನ ಚಕ್ರಗಳನ್ನು ಬಿಚ್ಚಿದ್ದರು. ಆ ಭಾರವೆಲ್ಲ ಹಾಡುವ ಹೆಂಚಿನ ಮೇಲಿನ ಜ್ಯಾಕಿನದು. ನಾನು ಬಾಗಿಲ ಬಳಿ ನಿಂತಿದ್ದೆ. ಕೆಳಗಿನಿಂದ ಯಜಮಾನರ ಕಾಲೆರಡು ಮಾತ್ರ ಕಾಣುತ್ತಿದ್ದವು. ಕತ್ತಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಕಬ್ಬಿಣಕ್ಕೆ ತಗುಲಿ ಆಗಾಗ ಕಿಣಿ ಎನ್ನುತ್ತಿತ್ತು.

"ಹುರುಳಿ ಬೇಯ್ತಾ ಅದೆ, ಕೇಳುಸ್ತಾ?"

"ಹೂಂ."

ಕಾಕ ಜ್ಯಾಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚುತ್ತಿದ್ದ. ಕಡ್ಡಿ ಗೀರಿದವನು ಹಚ್ಚಲಿಲ್ಲ. ಅದು ಉರಿದು ಬೆರಳಿಗೆ ಬರುವುದನ್ನು ನಾನು ನೋಡುತ್ತಿದ್ದೆ. ಅವನು ನೋಡುತ್ತಿದ್ದದ್ದು ಹೆಂಚನ್ನು. ಕೆಂಪಿನ ಮೇಲೆ ಕೂದಲಿನಷ್ಟು ಸಣ್ಣ ಗೆರೆ...

"ಓಡು," ಎಂದ.

ದೊಡ್ಡದಾಗಿ ಕೂಗಲೂ ಇಲ್ಲ. ಲಾರಿಯ ಕೆಳಗಿನಿಂದ ಸಣ್ಣ ನಗೆ ಕೇಳಿಸಿತು. ಆಟ ಎಂದುಕೊಂಡಿರಬೇಕು. ಕಾಕ ಇನ್ನೊಮ್ಮೆ "ಓಡು" ಎಂದ. ಈ ಸಲ ಅದು ಯಾವ ಭಾಷೆಯದೂ ಆಗಿರಲಿಲ್ಲ, ಪ್ರಾಣಿಯ ದನಿಯಾಗಿತ್ತು. ಕಾಲೆರಡು ತಟ್ಟನೆ ಮಾಯವಾದವು. ಮರುಗಳಿಗೆಗೆ ನೆಲ ಬಾಯಿ ತೆರೆಯಿತು. ಜ್ಯಾಕು ಹಾಗೆಯೇ ನೆಟ್ಟಗೆ, ಬಾವಿಗಿಳಿದ ಕೊಡದಂತೆ, ಒಳಗೆ ಹೋಯಿತು. ಲಾರಿ ಮೂತಿಯೂರಿ ಬಿತ್ತು. ಕೆಂಪು ಧೂಳು ಎದ್ದು ಕೊಟ್ಟಿಗೆಯನ್ನೆಲ್ಲ ತುಂಬಿತು. ಹಸಿಮಣ್ಣಿನ, ಹಳೆಯ ರಾಗಿಯ ಮುಗ್ಗಲು ವಾಸನೆ ಬಂತು.

"ಕೇಳುಸ್ತಾ?" ಎಂದರು ಅಕ್ಕ. ಯಾವ ವಿಷಯವನ್ನೂ ಹೇಳದೆ ಬರೀ ಅಷ್ಟು.

ಏನೂ ಕೇಳಿಸಲಿಲ್ಲ.

"ಕೇಳುಸ್ತಾ?"

ಭಯವೆಂದರೆ ಎದೆ ಹೊಡೆದುಕೊಳ್ಳುವುದು ಎಂದು ನಾನು ಮಕ್ಕಳಿಗೆ ಪಾಠ ಹೇಳಿದ್ದೆ. ಹಾಗಲ್ಲ. ಎಲ್ಲವೂ ನಿಂತುಹೋಗುತ್ತದೆ. ಅಕ್ಕ ಬಾಗಿಲ ಚೌಕಟ್ಟು ಹಿಡಿದಿದ್ದರು, ಧೂಳಿನೊಳಕ್ಕೆ ಹೆಜ್ಜೆ ಇಡಲಿಲ್ಲ. ಇಟ್ಟರೆ ಏನು ಸಿಗುವುದೋ ಎಂದು ನಾನೂ ಇಡಲಿಲ್ಲ.

ಆಮೇಲೆ ಆಚೆ ಮೂಲೆಯಿಂದ, ಹಿಟ್ಟಿನ ಚೀಲದೊಳಗಿಂದ ಬಂದಂತೆ, ಬಂತು. "ಹೂಂ."

ಯಜಮಾನರು ಗೋಡೆಗೊರಗಿ ಕೂತಿದ್ದರು. ಕರಡಿಗೆಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದರು. ಅದರ ಒಂದು ಮಗ್ಗುಲು ನಗ್ಗಿಹೋಗಿತ್ತು.

ಲಾರಿಯನ್ನು ಎಳೆಸಿದ ಮೇಲೆ ಗುಟ್ಟು ತಿಳಿಯಿತು. ಅವರ ತಾತನ ಕಾಲದಲ್ಲಿ ಅಲ್ಲಿ ಹಗೇವು ಇತ್ತು. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಕಣಜ, ಕತ್ತು ಕಿರಿದು, ಹೊಟ್ಟೆ ಅಗಲ. ಎಂದೋ ಮಣ್ಣು ತುಂಬಿ ಮುಚ್ಚಿದ್ದರು. ಮಣ್ಣು ವರ್ಷವರ್ಷವೂ ಕುಸಿದು ಮೇಲೆ ಟೊಳ್ಳು ಬಿಟ್ಟಿತ್ತು. ಹಾಡಿದ್ದು ಹೆಂಚಲ್ಲ, ಆ ಟೊಳ್ಳು. ನೆಲಕ್ಕೆ ಕೂತ ಹೆಂಚು ಡಬ್ ಎಂದರೆ ಗಟ್ಟಿ, ಟಣ್ ಎಂದರೆ ಕೆಳಗೆ ಏನೂ ಇಲ್ಲ. ಊರಿಗೆ ಊರೇ ಮಂಡಿಯೂರಿ ಕೇಳಿ ಮೆಚ್ಚಿದ್ದು ಆ ಏನೂ ಇಲ್ಲದ್ದನ್ನು.

ಕಾಕ ಹೇಳಿದ್ದು ಯಾವ ಓಡು ಎಂಬ ಪ್ರಶ್ನೆ ಊರಿನಲ್ಲಿ ಬಹಳ ದಿನ ನಡೆಯಿತು. ಹೆಂಚು ಒಡೆಯಿತು ಎಂದನೋ, ಓಡಿಹೋಗು ಎಂದನೋ? ಮೇಷ್ಟ್ರು ತೀರ್ಪು ಕೊಡಬೇಕೆಂದು ನನ್ನ ಬಳಿಗೂ ಬಂದರು. ನಾನು ಪ್ರತಿವಾದಿಯನ್ನೇ ಕೇಳಿದೆ. ಕಾಕ ಬೀಡಿಯ ಬೂದಿ ಕೊಡವಿ ಹೇಳಿದ: "ನಮ್ಮ ಭಾಷೆಯಲ್ಲಿ ಎರಡಕ್ಕೂ ಅದೇ ಮೇಷ್ಟ್ರೆ. ನಾನು ಯಾವುದು ಹೇಳಿದ್ದು ನನಗೇ ಗೊತ್ತಿಲ್ಲ." ಮೊಕದ್ದಮೆ ಇಂದಿಗೂ ತೀರ್ಮಾನವಾಗಿಲ್ಲ.

ಯಜಮಾನರು ಹಗೇವನ್ನು ಕಲ್ಲು ತುಂಬಿ, ಬಡಿದು ದಮ್ಮಸು ಮಾಡಿಸಿದರು. ಚಾಮರಾಜನಗರದ ಚಪ್ಪಡಿಯನ್ನೇ ತರಿಸಿ ಹಾಸಿಸಿದರು. ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ, ಡಬ್ ಎನ್ನುವವರೆಗೆ ಎತ್ತಿ ಎತ್ತಿ ಕೂರಿಸಿದರು. ಗುಂಡ್ಲುಪೇಟೆಯಲ್ಲೇ ಅಂಥ ನೆಲ ಇರಲಿಲ್ಲ. ಆನೆ ಮಲಗಬಹುದಿತ್ತು. ಯಜಮಾನರು ಮಾತ್ರ ಮಲಗಲಿಲ್ಲ.

ಒಮ್ಮೆ ಪ್ರಯತ್ನಪಟ್ಟರು. ಕಾರು ಎತ್ತಿ ನಿಲ್ಲಿಸಿ, ಅಂಗಾತವಾಗಿ ಭುಜದವರೆಗೆ ಒಳಗೆ ಸರಿದರು. ಅಷ್ಟೇ. ಹೊರಗೆ ಬಂದು ಕೈ ತೊಳೆದುಕೊಂಡರು. ಗಾಡಿಗಳು ಬೇರೆ ಬಾಗಿಲು ಹುಡುಕಿಕೊಂಡವು. ಆ ನೆಲದ ಮೇಲೆ ಅಕ್ಕ ಹುರುಳಿ ಒಣಗಿಸಿದರು, ಮೆಣಸಿನಕಾಯಿ ಒಣಗಿಸಿದರು. ಗಂಡ ಇಡೀ ದಿನ ಕಣ್ಣೆದುರಿಗೆ ಜಗುಲಿಯ ಮೇಲೆಯೇ ಇರುತ್ತಿದ್ದುದರಿಂದ ಈಗ ಆಕೆ ಏನನ್ನೂ ಕೇಳುತ್ತಿರಲಿಲ್ಲ. ಆದರೆ ಅವರು, ಕರಡಿಗೆಯ ನಗ್ಗಿದ ಮಗ್ಗುಲನ್ನು ಹೆಬ್ಬೆರಳಿನಿಂದ ಸವರುತ್ತ ಕೂತವರು, ಇದ್ದಕ್ಕಿದ್ದಂತೆ "ಹೂಂ" ಎನ್ನುತ್ತಿದ್ದರು. ಯಾರೂ ಕೇಳಿರುತ್ತಿರಲಿಲ್ಲ...

ನನಗೆ ಕುದೇರಿಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ, ಯಜಮಾನರು ಹಾಸಿಗೆಯಲ್ಲೇ ತಣ್ಣಗೆ ಹೋದರೆಂದು ಬಸ್ ನಿಲ್ದಾಣದಲ್ಲಿ ಯಾರೋ ಹೇಳಿದರು. ಬದುಕಿಸಿದ ಆ ಓಡು ಎಂಬ ಮಾತೇ ಅವರ ಕಸುಬನ್ನು ಅಂದೇ ತೆಗೆದುಕೊಂಡಿತ್ತು. ಉಳಿದದ್ದು ಆಮೇಲೆ ಹೋಯಿತು. ಮಣ್ಣಿಗೆ ಹೋಗಿ ನಿಲ್ಲಲು ನನ್ನಿಂದ ಆಗಲಿಲ್ಲ. ಅಕ್ಕನನ್ನು ಮತ್ತೆ ನೋಡಲಿಲ್ಲ.

ಅಳಿಯ ಅದೇ ಟೈಲ್ಸನ್ನು ಹಾಕಿಸಿದ. ಕೂರಿಸಿದ ಮೇಲೆ ನಾನು ಕೋಲು ಹಿಡಿದು ಮೂಲೆಮೂಲೆಯನ್ನೂ ತಟ್ಟಿಕೊಂಡು ಬಂದೆ. ಎರಡು ಕಡೆ ಟಣ್ ಎಂದಿತು. ಕಿತ್ತು ಮತ್ತೆ ಹಾಕಿಸಿದೆ. ಗಾರೆಯವನು ನನ್ನನ್ನು ನೋಡಿದ ನೋಟದಲ್ಲಿ ಗೌರವ ಇರಲಿಲ್ಲ. ಈಗ ಎಲ್ಲ ಕಡೆಯೂ ಡಬ್ ಎನ್ನುತ್ತದೆ. ಆದರೂ ಅಳಿಯ ಕಾರಿನ ಕೆಳಗೆ ಸರಿದರೆ ನಾನು ಕುರ್ಚಿ ಎಳೆದುಕೊಂಡು, ಪತ್ರಿಕೆ ಹಿಡಿದು, ಶೆಡ್ಡಿನ ಬಾಗಿಲಲ್ಲಿ ಕೂರುತ್ತೇನೆ. ಮಾವನವರಿಗೆ ಈಚೆಗೆ ಮಾತು ಜಾಸ್ತಿಯಾಗಿದೆ ಎಂದು ಅವನು ಮಗಳ ಹತ್ತಿರ ದೂರಿದ್ದಾನಂತೆ.

"ಇವತ್ತು ಮೋಡ ಇದೆ, ಕೇಳಿಸ್ತಾ?" ಎನ್ನುತ್ತೇನೆ.

ಅವನು ಹೂಂ ಎನ್ನುವವರೆಗೆ ಮುಂದಿನ ಸಾಲಿಗೆ ಹೋಗುವುದಿಲ್ಲ.