ತಡವಾಗಿ ಹಿಂದಿರುಗಿದ ಹದಿನಾರು ಪುಟ

ಮೊನ್ನೆ ಮಧ್ಯಾಹ್ನ ಮೂರೂವರೆಗೆ ಪಕ್ಕದ ಮನೆಯ ಪ್ರತಿಮಾ ಬಂದು, "ಆಂಟಿ, ಗಮ್ ಇದ್ಯಾ?" ಎಂದಳು. ಮಗನನ್ನು ಈ ವರ್ಷ ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದಾಳೆ. ಪುಸ್ತಕ, ಚಾರ್ಟು, ಬಣ್ಣ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೆ ತರಿಸಿದ್ದಳು. ದುಬಾರಿ ಪೆಟ್ಟಿಗೆ, ತಿಂಗಳೊಳಗೆ ಪುಸ್ತಕದ ಬೆನ್ನು ಕಿತ್ತು ಬಂದಿತ್ತು.

ಅಂಗಡಿಯ ಗಮ್ಮಿನ ಮೇಲೆ ನನಗೆ ನಂಬಿಕೆಯಿಲ್ಲ. ಎರಡು ಚಮಚ ಮೈದಾ ಗಂಟಾಗದಂತೆ ಕಲಸಿ ಒಲೆಯ ಮೇಲಿಟ್ಟೆ. ಹಿಟ್ಟು ಬೆಂದು ಹೊಳಪು ಬರುವಾಗ ಏಳುವ ಆ ಸಪ್ಪೆ ವಾಸನೆ ನಿಮಗೂ ಗೊತ್ತಿರಬಹುದು. ನನಗೆ ಅದು ಎಪ್ಪತ್ತರ ದಶಕದ ಕೊನೆಯ ವಾಸನೆ. ಆಗ ಅಂಟಿಗೆ ಒಂದು ಚಿಟಿಕೆ ಮೈಲುತುತ್ತವೂ ಬೀಳುತ್ತಿತ್ತು. ಕಾಫಿ ಗಿಡಕ್ಕೆ ಹೊಡೆಯಲು ತಂದದ್ದರಲ್ಲಿ ಒಂದಿಷ್ಟು ಉಳಿದಿರುತ್ತಿತ್ತು. ಹಾಕಿದರೆ ಪುಸ್ತಕಕ್ಕೆ ಹುಳ ಬರುತ್ತಿರಲಿಲ್ಲ. ನನ್ನ ಬೆರಳು ಮಾತ್ರ ವಾರಗಟ್ಟಲೆ ನೀಲಿ.

ನಮ್ಮವರು ಆಲ್ದೂರಿನಿಂದ ಎಂಟು ಮೈಲಿ ಒಳಗಿದ್ದ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವ ಕೆಲಸ. ಅಲ್ಲಿದ್ದ ಶಾಲೆ ನಾಲ್ಕನೇ ತರಗತಿಗೆ ಮುಗಿಯುತ್ತಿತ್ತು. ಮುಂದಕ್ಕೆ ಆಲ್ದೂರಿಗೆ ನಡೆಯಬೇಕು. ನಮ್ಮ ಮಗಳು ವಸುಧಾಳಿಗೆ ಉಬ್ಬಸ. ಒಂದು ಏರು ಹತ್ತಿದರೆ ಮೂರು ಸಲ ಕೂರುವ ಹುಡುಗಿ. ಹಾಗಾಗಿ ನಾನೇ ಮನೆಯಲ್ಲಿ ಓದಿಸುವುದು, ಆಲ್ದೂರಿನ ಶಾಲೆಯ ಮೂಲಕ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿಸುವುದು ಎಂದಾಯಿತು. ಅದು ಪಾಸಾದರೆ ಚಿಕ್ಕಮಗಳೂರಿನ ಹೈಸ್ಕೂಲು, ಹಾಸ್ಟೆಲು. ಇಲ್ಲದಿದ್ದರೆ ಓದು ಅಲ್ಲಿಗೇ ನಿಂತ ಹಾಗೆ.

ನಾನೂ ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವಳೇ. ಎಸ್ಟೇಟಿನಲ್ಲಿ ಹಾಜರಿಗೆ ಬಡಿಯುತ್ತಿದ್ದ ರೈಲುಕಂಬಿಯ ತುಂಡನ್ನೇ ನನ್ನ ಶಾಲೆಯ ಗಂಟೆ ಮಾಡಿಕೊಂಡೆ. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಒಬ್ಬಳೇ ವಿದ್ಯಾರ್ಥಿನಿ, ಆದರೂ ದಿನಾ ಹಾಜರಿ ಕರೆಯುತ್ತಿದ್ದೆ. ನೀವು ನಗಬಹುದು, ವಸು ಆಗಲೇ ನಗುತ್ತಿದ್ದಳು.

ಸಾಮಾನು ಹೊಂಚುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಹೆಮ್ಮೆಯೂ ಇತ್ತು. ಹಿಂಬದಿ ಖಾಲಿಯಿದ್ದ ಹಳೆಯ ಹಾಜರಿ ಹಾಳೆಗಳನ್ನು ಸೇರಿಸಿ ಗೋಣಿದಾರದಲ್ಲಿ ಹೊಲಿದರೆ ನೋಟ್‌ಬುಕ್ಕು. ಕೂಡಿ ಕಳೆಯಲು ಕಾಫಿ ಬೀಜ. ಚೀಲಗಳ ಮೇಲೆ ಗುರುತು ಬರೆಯುವ ಮೇಸ್ತ್ರಿಯ ಹತ್ತಿರ ಗೋಣಿಯ ಮೇಲೆ ಇಂಡಿಯಾದ ನಕ್ಷೆ ಬರೆಸಿದೆ. "ಸಿಲೋನು ಬಿಟ್ಟುಹೋಯ್ತಲ್ಲ ಅಮ್ಮಾ," ಎಂದು ಅವನು ಕೆಳಗೊಂದು ಕಾಫಿ ಬೀಜ ಹೊಲಿದುಕೊಟ್ಟ.

ಪಠ್ಯಪುಸ್ತಕ ಆಲ್ದೂರಿನ ಹಮೀದ್ ಸಾಹೇಬರ ಹಳೆಪೇಪರ್ ಅಂಗಡಿಯದು. ತೂಕಕ್ಕೆ ಬಂದ ರಾಶಿಯಲ್ಲಿ ಏಳನೇ ತರಗತಿಯದೆಲ್ಲ ಹುಡುಕಿ, ಮೇ ತಿಂಗಳಲ್ಲೇ ಪೂರ್ತಿ ಸೆಟ್ಟು ತಂದು, ಅಂಟು ಹಚ್ಚಿ ರಟ್ಟು ಕಟ್ಟಿದ್ದೆ. ಶಾಲೆಗೆ ಹೋಗಿ ಯಾವ ಪುಸ್ತಕ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ.

ಜನವರಿಯಲ್ಲಿ ಕಾಗದ ತರಲು ವಸುವಿನ ಜೊತೆ ಅದೇ ಅಂಗಡಿಗೆ ಹೋದೆ. ಸಾಹೇಬರ ಮಗಳು ಜುಬೇದಾ ಅದೇ ತರಗತಿ. ವಸುವಿನ ಕೈಯಲ್ಲಿದ್ದ ಸಮಾಜ ಪುಸ್ತಕ ತಿರುವಿ ನೋಡಿ, "ಇದು ನಮ್ಗಿಲ್ಲ. ಸಮಾಜ, ವಿಜ್ಞಾನ ಎರಡೂ ಈ ವರ್ಷ ಹೊಸದು," ಎಂದಳು.

"ಇತಿಹಾಸ ಎಲ್ಲಾದ್ರೂ ಬದಲಾಗುತ್ತಾ?" ಎಂದೆ ಜೋರಾಗಿ.

"ಇತಿಹಾಸ ಗೊತ್ತಿಲ್ಲಮ್ಮ. ಪ್ರಶ್ನೆಪತ್ರಿಕೆ ಬದಲಾಗುತ್ತೆ."

ಸಾಹೇಬರು ತಕ್ಕಡಿ ಕೆಳಗಿಟ್ಟರು. "ತಪ್ಪಾಯ್ತಮ್ಮ. ನಾನು ತೂಕ ನೋಡ್ದೆ, ಇಸವಿ ನೋಡ್ಲಿಲ್ಲ."

ಇಸವಿ ನೋಡಬೇಕಾದವಳು ನಾನು. ಪರೀಕ್ಷೆಗೆ ಉಳಿದದ್ದು ಎರಡೇ ತಿಂಗಳು. ಹೊಸ ಪುಸ್ತಕ ಜೂನಿನಲ್ಲೇ ಖಾಲಿಯಾಗಿತ್ತು. ಚಿಕ್ಕಮಗಳೂರಿನಲ್ಲೂ ಇಲ್ಲ ಎಂದರು ಸಾಹೇಬರು. ವಸು ನನ್ನ ಸೆರಗು ಹಿಡಿದುಕೊಂಡು ನಿಂತಿದ್ದಳು.

ಜುಬೇದಾ ಒಳಗೆ ಹೋಗಿ ತನ್ನ ಪುಸ್ತಕಗಳನ್ನು ತಂದು, ಅಪ್ಪನ ಚೂರಿಯಿಂದ ಹೊಲಿಗೆ ಕತ್ತರಿಸತೊಡಗಿದಳು. ಪುಸ್ತಕ ಹದಿನಾರು ಹದಿನಾರು ಪುಟಗಳ ಕಟ್ಟಾಗಿ ಬಿಚ್ಚಿಕೊಂಡಿತು.

"ಏ ಮಾರಾಯ್ತಿ, ಏನು ಮಾಡ್ತಿದ್ದೀಯ? ನಿಂಗೆ ಓದೋಕೆ ಬೇಡ್ವಾ?" ಎಂದರು ಸಾಹೇಬರು.

"ಕ್ಲಾಸಲ್ಲಿ ಮುಗಿದ ಪಾಠ ಸುಮ್ನೆ ಬಿದ್ದಿರುತ್ತಲ್ಲ ಅಬ್ಬಾ. ಒಂದೊಂದೇ ಕೊಡ್ತೀನಿ, ವಸು ಬರ್ಕೊಂಡು ವಾಪಸ್ ಕಳಿಸ್ಲಿ. ಆಮೇಲೆ ನೀವು ಹೊಲಿದುಕೊಡಿ."

ಅಂದಿನಿಂದ ಸೋಮವಾರ, ಶುಕ್ರವಾರ ಎಸ್ಟೇಟಿನ ಜೀಪಿನಲ್ಲಿ ಕಟ್ಟುಗಳು ಬಂದವು, ಹೋದವು. ಜುಬೇದಾಳಿಗೆ ಯಾವುದು ಬೇಡವೋ ಅದು ಬರುವುದು. ವಸುವಿನ ನೋಟ್‌ಬುಕ್ಕಿನಲ್ಲಿ ಎರಡನೇ ಮಹಾಯುದ್ಧ ಮುಗಿದು ಹತ್ತು ದಿನಕ್ಕೆ ಮೊದಲನೆಯದು ಶುರುವಾಯಿತು. ನನ್ನ ವೇಳಾಪಟ್ಟಿ ಗೋಡೆಯ ಮೇಲೆ ಅಲಂಕಾರಕ್ಕೆ ಉಳಿಯಿತು. ಆದರೆ ಕಟ್ಟು ಹಿಂದಿರುಗಿಸುವ ವಿಷಯದಲ್ಲಿ ನಾನು ಕಟ್ಟುನಿಟ್ಟು: ಜೀಪು ಹೊರಟಾಗ ಬರವಣಿಗೆ ಅರ್ಧವಾಗಿದ್ದರೂ ಕಸಿದು ಕಳಿಸುತ್ತಿದ್ದೆ.

ಫೆಬ್ರವರಿ ಕೊನೆಗೆ ವಿಜ್ಞಾನದ ಕೊನೆಯ ಕಟ್ಟು ಬಂತು, ಉಸಿರಾಟದ ಪಾಠ. ಅದೇ ವಾರ ವಸುವಿಗೆ ಉಬ್ಬಸ ಜೋರಾಯಿತು. ದಿಂಬಿಗೆ ಒರಗಿ, "ಈ ಪಾಠ ನಂಗೆ ಬರೆಯದೇ ಗೊತ್ತಮ್ಮ," ಎಂದಳು. ನಗು ಬಂದರೂ ನಗಲಾಗಲಿಲ್ಲ. ದಿನಕ್ಕೆ ಅರ್ಧ ಪುಟದಂತೆ ಬರೆದಳು. ಅವಳ ಎದೆ ನೀವುವುದರಲ್ಲಿ ನನಗೆ ಜೀಪಿನ ದಿನವೇ ಮರೆತುಹೋಯಿತು.

ಪರೀಕ್ಷೆ ಮುಗಿದು, ಹಾಳೆಗಳನ್ನು ಜೋಡಿಸುವಾಗ ಆ ಹದಿನಾರು ಪುಟ ಕೈಗೆ ಸಿಕ್ಕಿತು. ಜುಬೇದಾ ಆ ಪಾಠವಿಲ್ಲದೆಯೇ ಪರೀಕ್ಷೆ ಬರೆದಿದ್ದಳು. ವಸು ಉಸಿರಾಟದ ಪ್ರಶ್ನೆಗೆ ಎರಡು ಪುಟ ಬರೆದೆ ಎಂದು ಕುಣಿದಿದ್ದಳು.

ಮರುದಿನವೇ ಆಲ್ದೂರಿಗೆ ಹೋದೆ. ಜುಬೇದಾ ಕಟ್ಟನ್ನು ತೆಗೆದುಕೊಂಡು, ಹೊಲಿದ ಪುಸ್ತಕದ ಕೊನೆಗೆ ಇಟ್ಟಳು.

"ಯಾಕೆ ಕೇಳಿ ಕಳಿಸಲಿಲ್ಲ ಮಗಾ?"

"ವಸುಗೆ ಹುಷಾರಿಲ್ಲ ಅಂತ ಜೀಪಿನ ಅಣ್ಣ ಹೇಳಿದ್ರು. ಕೇಳಿದ್ರೆ ನೀವು ಅರ್ಧಕ್ಕೇ ಕಿತ್ತು ಕಳಿಸ್ಬಿಡ್ತಿದ್ರಿ. ನಿಮ್ದು ಟೈಮು ಅಂದ್ರೆ ಟೈಮು."

"ಆ ಪ್ರಶ್ನೆ?"

"ಗೊತ್ತಿದ್ದಷ್ಟು ಬರೆದೆ," ಎಂದು ನಕ್ಕಳು.

ಇಬ್ಬರೂ ಪಾಸಾದರು. ವಿಜ್ಞಾನದಲ್ಲಿ ವಸುವಿಗೆ ಜುಬೇದಾಳಿಗಿಂತ ಹೆಚ್ಚು ಅಂಕ ಬಂತು. ಆ ಅಂಕಪಟ್ಟಿಯನ್ನು ನಾನು ಯಾರಿಗೂ ತೋರಿಸಿ ಹೇಳಿಕೊಳ್ಳಲಿಲ್ಲ.

ಮೊನ್ನೆ ಇಷ್ಟೆಲ್ಲ ನೆನೆಯುವಷ್ಟರಲ್ಲಿ ಅಂಟು ತಣ್ಣಗಾಗಿತ್ತು. ಪುಸ್ತಕದ ಬೆನ್ನಿಗೆ ಹಚ್ಚಿ, ಮೇಲೆ ಅಕ್ಕಿ ಡಬ್ಬಿ ಹೇರಿದೆ. ಪ್ರತಿಮಾ ಕೇಳಿದಳು: "ಮುಂದಿನ ವರ್ಷದ್ದು ಎಲ್ಲಾದ್ರೂ ಕಡಿಮೆಗೆ ಸಿಗುತ್ತಾ ಆಂಟಿ? ನಿಮ್ಗೆ ಇದೆಲ್ಲ ಗೊತ್ತಲ್ಲ."

ವೇಳಾಪಟ್ಟಿಯ ಬಗ್ಗೆ ನಾನು ಅರ್ಧ ಗಂಟೆ ಮಾತಾಡಬಲ್ಲೆ. ನಾಲಿಗೆಯ ತುದಿಗೂ ಬಂದಿತ್ತು. ಬದಲಿಗೆ ಕೇಳಿದೆ: "ಈ ಬೀದೀಲಿ ನಿನ್ನ ಮಗನಿಗಿಂತ ಒಂದು ಕ್ಲಾಸು ಮುಂದಿರೋ ಮಕ್ಕಳು ಯಾರಿದ್ದಾರೆ?"

"ತಿರುವಿನ ಮನೇಲಿ ಒಬ್ಳಿದ್ದಾಳೆ. ಆದ್ರೆ ಗುರುತಿಲ್ದೆ ಹೋಗಿ ಕೇಳೋಕೆ ಒಂಥರಾ ಆಗುತ್ತೆ."

"ನಂಗೂ ಆಗುತ್ತೆ. ನಡಿ," ಎಂದು ಚಪ್ಪಲಿ ಮೆಟ್ಟಿದೆ.

ಅಂದು ನನ್ನ ನಾಲ್ಕು ಗಂಟೆಯ ಕಾಫಿ ಐದಕ್ಕಾಯಿತು, ಅದೂ ತಿರುವಿನ ಮನೆಯಲ್ಲಿ.