ಷರಾ ಕಾಲಮ್ಮಿನ ಒಂದು ಸಾಲು

ನಾನು ಸಂಖ್ಯಾಶಾಸ್ತ್ರ ಓದಿದವಳು. ಯಾರಾದರೂ "ನನಗೆ ಮೊದಲೇ ಹೊಳೆದಿತ್ತು" ಎಂದರೆ, ಹೊಳೆದೂ ಏನೂ ಆಗದ ದಿನಗಳ ಪಟ್ಟಿ ಎಲ್ಲಿದೆ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಅತ್ತೆ ಇದಕ್ಕೆ ತದ್ವಿರುದ್ಧ. ಉಡುಪಿಯಲ್ಲಿ ಹಲ್ಲಿ ಲೊಚಗುಟ್ಟದೆ ಯಾವ ಮಾತನ್ನೂ ನಂಬದವರು. ನೆದರ್ಲೆಂಡ್ಸಿನ ಲೈಡನ್ ಊರಿನ ನಮ್ಮ ಮನೆಯಲ್ಲಿ ಹಲ್ಲಿ ಇಲ್ಲವಾದ್ದರಿಂದ ಕಡಲಹಕ್ಕಿಗಳ ಕೂಗಿನಲ್ಲೇ ಸುಧಾರಿಸಿಕೊಳ್ಳುತ್ತಿದ್ದರು. ನಾನು ತಮಾಷೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಎಲ್ಲವನ್ನೂ ನಂಬತೊಡಗಿದೆ ಎಂದಲ್ಲ, ತಮಾಷೆ ಮಾಡುವ ಧೈರ್ಯ ಹೋಗಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಗಂಡನ ಕೆಲಸದ ನಿಮಿತ್ತ ಇಲ್ಲಿಗೆ ಬಂದಿದ್ದೆವು, ನನಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಸುಮ್ಮನೆ ಕೂರಲಾರದೆ ಅಮೆರಿಕದ ಹಳೆಯ ಹವಾಮಾನ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸುವ ಸ್ವಯಂಸೇವಕರ ಗುಂಪೊಂದನ್ನು ಸೇರಿದೆ. ನೂರು ವರ್ಷಕ್ಕೂ ಹಿಂದೆ ಅಲ್ಲಿನ ರೈತರು, ಮೇಷ್ಟರುಗಳು ಸಂಬಳವಿಲ್ಲದೆ ದಿನಕ್ಕೆ ಮೂರು ಹೊತ್ತು ಉಷ್ಣಮಾಪಕ ನೋಡಿ ಬರೆದಿಟ್ಟ ಪುಸ್ತಕಗಳು ಅವು. ಪ್ರತಿ ಪುಟದ ಕೊನೆಗೆ ಒಂದು ಷರಾ ಕಾಲಮ್ಮು. ನನಗೆ ಅದೇ ರುಚಿ. ಒಬ್ಬಾತ ಮಳೆಯ ಜೊತೆ ಪುಟ್ಟ ಮೀನುಗಳೂ ಬಿದ್ದವು ಎಂದು ಬರೆದಿದ್ದ. ಇನ್ನೊಬ್ಬಾತ, ಫೆಬ್ರವರಿ ಎರಡರಂದು ಬಿಲದಿಂದೆದ್ದು ಬಂದ ಪ್ರಾಣಿ ತನ್ನ ನೆರಳನ್ನು ಕಂಡಿತು, ಇನ್ನು ಆರು ವಾರ ಚಳಿ ತಪ್ಪಿದ್ದಲ್ಲ ಎಂದು ಬರೆದಿದ್ದ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮವರು ಹೇಳುವಷ್ಟೇ ಖಚಿತವಾಗಿ!

ಕೆಲಸದ ನಿಯಮ ಸರಳ. ಕಂಡದ್ದನ್ನು ಕಂಡ ಹಾಗೆ ಟೈಪ್ ಮಾಡಬೇಕು, ಸ್ವಂತದ್ದೇನನ್ನೂ ಸೇರಿಸಬಾರದು. ಒಂದೇ ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡುತ್ತಾರೆ, ಆಮೇಲೆ ಎರಡನ್ನೂ ಹೋಲಿಸುತ್ತಾರೆ. ಪುಟಗಳು ಚೀಟಿ ಎತ್ತಿದ ಹಾಗೆ ಬರುತ್ತವೆ, ಹಿಂದಿನದು ಮುಂದಿನದು ಯಾವುದೆಂದು ನಮಗೆ ಗೊತ್ತಾಗುವುದಿಲ್ಲ. ನನ್ನ ಕೆಲಸದಲ್ಲಿ ಅದುವರೆಗೆ ಒಂದು ತಪ್ಪೂ ಸಿಕ್ಕಿರಲಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ದಿನ ಜನವರಿಯ ಮಟ್ಟಿಗೆ ವಿಪರೀತ ಬೆಚ್ಚಗಿತ್ತು. ಸಂಜೆಯ ಮೇಲೆ ಗಾಳಿ ಎಂದು ಫೋನಿಗೆ ಹಳದಿ ಎಚ್ಚರಿಕೆ ಬಂದಿತ್ತು, ಆದರೆ ಇಲ್ಲಿ ಚಳಿಗಾಲದಲ್ಲಿ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಮಗಳು ಅನಿಕಾಗೆ ಆಗ ಆರು ವರ್ಷ. ಮೂರು ಗಂಟೆಗೆ ಶಾಲೆ ಬಿಟ್ಟಾಗ ಅತ್ತೆ ಹೋಗಿ ಕರೆದುಕೊಳ್ಳುತ್ತಿದ್ದರು. ಕಾಲುವೆಯ ದಂಡೆಯಲ್ಲಿ ದೊಡ್ಡ ಪಾಪ್ಲರ್ ಮರದ ಕೆಳಗಿನ ಬೆಂಚಿನ ಮೇಲೆ ಅಜ್ಜಿ ಮೊಮ್ಮಗಳು ಕೂತು ಚಕ್ಕುಲಿ ತಿಂದೇ ಮನೆಗೆ ಬರುವುದು. ಮಳೆ ಇಲ್ಲದ ದಿನ ಈ ಕ್ರಮ ತಪ್ಪುತ್ತಿರಲಿಲ್ಲ.

ಗ್ರಂಥಾಲಯದಲ್ಲಿ ಕೂತಿದ್ದೆ. ಎರಡೂವರೆಯ ಹೊತ್ತಿಗೆ ಒಂದು ಪುಟ ಬಂತು. ಮೇಲಿನ ಅಂಚು ಹರಿದು ಇಸವಿ ಕಾಣುತ್ತಿರಲಿಲ್ಲ. ಪುಟದ ತುಂಬ ಓರೆ ಅಕ್ಷರ. ಕಟ್ಟಕಡೆಯ ದಾಖಲೆಯಾದ ಒಂದು ಮಧ್ಯಾಹ್ನದ ಎದುರು ಮಾತ್ರ, ಷರಾದಲ್ಲಿ, ದುಂಡನೆಯ ಅಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು: ಮಕ್ಕಳನ್ನು ಮನೆಗೆ ಹೊರಡಲು ಬಿಡಬೇಡಿ. ಟೈಪ್ ಮಾಡಿದೆ. ಮಾಡಿದ ಮೇಲೆ ಓದಿದೆ. ಗಡಿಯಾರ ನೋಡಿದೆ, ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು. ಕಿಟಕಿಯಾಚೆ ಹಿತವಾದ ಬಿಸಿಲು, ಕಾಲುವೆಯ ನೀರಿನಲ್ಲಿ ಅಲೆಯೂ ಇರಲಿಲ್ಲ. ನಾಚಿಕೆಯಾಯಿತು. ಆದರೂ ಹೊರಗೆ ಹೋಗಿ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ಇವತ್ತು ಅನಿಕಾನ ಕರ್ಕೊಂಡು ಬರ್ಲಿಕ್ಕೆ ನೀವು ಹೋಗ್ಬೇಡಿ."

"ಎಂತ ಮಾರಾಯ್ತಿ! ನಾನು ಶೂ ಹಾಕಿ ಆಯ್ತು. ಬಿಸಿಲು ಎಷ್ಟು ಚಂದ ಉಂಟು ನೋಡು."

ಏನು ಕಾರಣ ಹೇಳಲಿ? ಹಲ್ಲಿಯನ್ನು ಲೇವಡಿ ಮಾಡಿದ ಬಾಯಲ್ಲಿ ಇದನ್ನು ಹೇಗೆ ಹೇಳಲಿ? ಸುಳ್ಳು ಹೇಳಿದೆ. "ಶಾಲೆಯಿಂದ ಫೋನ್ ಬಂದಿತ್ತು. ಇವತ್ತು ಬಿಡುದು ತಡ ಅಂತೆ. ಬರುವಾಗ ನಾನೇ ಕರ್ಕೊಂಡು ಬರ್ತೇನೆ."

"ಹೌದಾ? ಹಾಗಾದ್ರೆ ಸರಿ," ಎಂದರು. ಕೂಡಲೇ ಶಾಲೆಗೂ ಫೋನ್ ಮಾಡಿ, ನಾನು ಬರುವ ತನಕ ಅನಿಕಾ ಒಳಗೇ ಇರಲಿ ಎಂದು ಟೀಚರನ್ನು ಕೇಳಿಕೊಂಡೆ.

ಮೂರು ದಾಟಿ ಹತ್ತು ನಿಮಿಷಕ್ಕೆ ಆಕಾಶ ಕಪ್ಪಾಯಿತು. ಅಂಥ ಗಾಳಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಿಲ್ಲಿಸಿದ್ದ ಸೈಕಲ್ಲುಗಳೆಲ್ಲ ಒಂದರ ಮೇಲೊಂದು ಬಿದ್ದವು, ಗ್ರಂಥಾಲಯದವರು ನಮ್ಮನ್ನು ಹೊರಗೆ ಬಿಡಲಿಲ್ಲ. ಗಾಳಿ ತಗ್ಗಿದ ಮೇಲೆ ನಡೆದೇ ಹೋದೆ. ಕಾಲುವೆಯ ದಾರಿಗೆ ಯಾರೂ ಹೋಗದಂತೆ ಪಟ್ಟಿ ಕಟ್ಟಿದ್ದರು. ಪಾಪ್ಲರ್ ಬುಡಸಮೇತ ಕಿತ್ತು ಬಿದ್ದಿತ್ತು. ಕೆಳಗೆ ಬೆಂಚು ಚೂರುಚೂರಾಗಿತ್ತು. ನಾನು ಅಲ್ಲೇ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ. ಗುರುತಿಲ್ಲದ ಡಚ್ ಮುದುಕಿಯೊಬ್ಬರು ಬಂದು ಭುಜ ಹಿಡಿದುಕೊಂಡರು.

ಶಾಲೆಯಲ್ಲಿ ಅನಿಕಾ ಮುಖ ಊದಿಸಿಕೊಂಡು ಕೂತಿದ್ದಳು. "ಅಮ್ಮಾ, ವೈ ಡಿಡಂಟ್ ಅಜ್ಜಿ ಕಮ್?" ಎಂದಳು. ಆ ಸಿಟ್ಟಿನ ಮುಖ ನೋಡಿದಾಗ ಆದಷ್ಟು ಸಂತೋಷ ಅವಳು ಹುಟ್ಟಿದ ದಿನವೂ ಆಗಿರಲಿಲ್ಲ.

ಮೂರು ವಾರದ ಮೇಲೆ ಗುಂಪಿನ ಮೇಲ್ವಿಚಾರಕರಿಂದ ಒಂದು ಪತ್ರ. ಟಿಲ್‌ಬರ್ಗಿನ ನಿವೃತ್ತ ಮಾಸ್ತರರೊಬ್ಬರು ಅದೇ ಪುಟ ಟೈಪ್ ಮಾಡಿದ್ದರಂತೆ. ಅವರ ಷರಾ ಖಾಲಿ. ನಿಮ್ಮ ಸಾಲು ಎಲ್ಲಿಂದ ಬಂತು ಎಂದು ಕೇಳಿದ್ದರು. ಪುಟ ತೆರೆದೆ. ಅಲ್ಲಿ ಏನೂ ಇರಲಿಲ್ಲ. ಹಳದಿ ಕಾಗದ, ಖಾಲಿ ಕಾಲಮ್ಮು. ನಾನು ಟೈಪ್ ಮಾಡಿದ ಸಾಲು ಮಾತ್ರ ನನ್ನ ಕಡತದಲ್ಲಿ ಸಮಯದ ಸಮೇತ ಹಾಗೇ ಇತ್ತು: ಎರಡು ಮೂವತ್ತನಾಲ್ಕು.

ಆ ಪುಟ 1888ರ ಜನವರಿಯದ್ದು ಎಂದೂ ಅವರು ತಿಳಿಸಿದ್ದರು. ಅಮೆರಿಕದ ಬಯಲುನಾಡಿನಲ್ಲಿ ಬೆಳಿಗ್ಗೆ ಬೆಚ್ಚಗಿದ್ದು ಮಕ್ಕಳು ಕೋಟೂ ಇಲ್ಲದೆ ಶಾಲೆಗೆ ಹೋಗಿ, ಏಕಾಏಕಿ ಎದ್ದ ಹಿಮಗಾಳಿಗೆ ಸಿಕ್ಕಿ ಅನೇಕರು ದಾರಿಯಲ್ಲೇ ಸತ್ತದ್ದು ನಾನು ಸಾಲು ಕಂಡ ಆ ದಿನವೇ. ಆ ಕಥೆಯನ್ನು ನಾನು ಹಿಂದೆ ಎಲ್ಲೋ ಓದಿರಬಹುದು. ಬೆಚ್ಚನೆಯ ದಿನ ಮನಸ್ಸು ತಾನೇ ಒಂದು ಸಾಲು ಹೆಣೆದಿರಬಹುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು. ಹೀಗೆಲ್ಲ ಹೇಳಿಕೊಂಡು, ನಿಯಮದಂತೆ ಆ ಸಾಲನ್ನು ಅಳಿಸಿ, ಕಾರಣದ ಜಾಗದಲ್ಲಿ "ಟೈಪ್ ಮಾಡಿದವರ ತಪ್ಪು" ಎಂದು ಗುರುತು ಹಾಕಿದೆ.

ಮನಸ್ಸು ಒಪ್ಪದೆ ಆ ಪುಸ್ತಕದ ಮುಂದಿನ ಪುಟಗಳನ್ನು ಕೇಳಿ ತರಿಸಿಕೊಂಡೆ. ಆ ಮಧ್ಯಾಹ್ನದ ಮೇಲೆ ಓರೆ ಅಕ್ಷರ ಮತ್ತೆ ಬರಲಿಲ್ಲ. ಎರಡು ದಿನ ಖಾಲಿ. ಮೂರನೆಯ ದಿನದಿಂದ ದುಂಡನೆಯ ಅಕ್ಷರ. ಅದನ್ನು ನಾನು ಗುರುತಿಸಿದೆ, ಪ್ರಮಾಣ ಮಾಡಿ ಹೇಳಬಲ್ಲೆ. ಮೂರು ಹೊತ್ತಿನ ಅಂಕಿಗಳು ಒಂದೂ ತಪ್ಪಿಲ್ಲ. ಷರಾದಲ್ಲಿ ಮಾತ್ರ, ಪುಸ್ತಕ ಮುಗಿಯುವವರೆಗೆ ಒಂದಕ್ಷರವೂ ಇಲ್ಲ.

ಅತ್ತೆಗೆ ಎಲ್ಲವನ್ನೂ ಹೇಳಿ, ಸುಳ್ಳಿಗೆ ಕ್ಷಮೆ ಕೇಳಿದೆ. ಅವರು ನಗಲಿಲ್ಲ, ನಾನು ಹೇಳ್ಲಿಲ್ವಾ ಎಂದೂ ಅನ್ನಲಿಲ್ಲ. ದೇವರ ಮುಂದೆ ದೀಪ ಹಚ್ಚಿ, "ಅವರ ಹೆಸರು ಎಂತದು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹೆಸರಿಲ್ಲದೆಯೇ ಕೈಮುಗಿದೆವು. ಆ ಕೃತಜ್ಞತೆ ಇವತ್ತಿಗೂ ಒಂದಿಷ್ಟೂ ಕಡಿಮೆಯಾಗಿಲ್ಲ. ಓರೆ ಅಕ್ಷರದವರು ಏನಾದರು, ದುಂಡನೆಯ ಅಕ್ಷರದವರು ಯಾರು, ಆ ಮನೆಯ ಮಕ್ಕಳು ಆ ದಿನ ಮನೆ ಸೇರಿದರೇ ಎಂಬುದು ಯಾವ ಪುಟದಲ್ಲೂ ಇಲ್ಲ. ನನ್ನ ಮಗಳು ಸೇರಿದಳು.