ಏಳು ಕಿಲೋ ಬೆನ್ನುಚೀಲ

ಕಾಗ್‌ಬೇನಿಯ ಹೋಟೆಲಿನ ಅಂಗಳದಲ್ಲಿ ಸೇಬು ತೂಗುವ ಸ್ಪ್ರಿಂಗ್ ತಕ್ಕಡಿಯೊಂದು ತೊಲೆಗೆ ನೇತಾಡುತ್ತಿತ್ತು. ಜಮುನಾ ಪುನ್ ತನ್ನ ಬೆನ್ನುಚೀಲವನ್ನು ಅದರ ಕೊಕ್ಕೆಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಮುಳ್ಳನ್ನು ನೋಡಿದಳು. ಒಂಬತ್ತು ಕಿಲೋ ನಾನೂರು. ಊಟವಾದ ಮೇಲೆ ಇದು ನಾಲ್ಕನೆಯ ಸಲ.

"ಏನೇ ನಾನಿ, ಸೇಬಿಗಿಂತ ನಿನ್ ಚೀಲಾನೇ ಜಾಸ್ತಿ ತೂಗ್ತಾ ಇದೆಯಲ್ಲೇ ನನ್ ತಕ್ಕಡಿ! ಸೈಕಲ್ ಓಡಿಸೋಕೆ ಹೊರಟಿದೀಯೋ, ಮಗಳನ್ನ ಗಂಡನ ಮನೆಗೆ ಕಳಿಸ್ತಿದೀಯೋ?" ಅಡುಗೆಮನೆಯ ಬಾಗಿಲಲ್ಲಿ ನಿಂತು ಹೋಟೆಲಿನ ಒಡತಿ ಚಂದ್ರಮಾಯಾ ಶೇರ್ಚನ್ ನಕ್ಕಳು. ಅರವತ್ತು ದಾಟಿದ ಅವಳಿಗೆ ತನಗಿಂತ ಚಿಕ್ಕವರೆಲ್ಲ ನಾನಿಗಳೇ, ಮಕ್ಕಳೇ.

"ಇನ್ನೂ ಎರಡೂವರೆ ಕಿಲೋ ಇಳೀಬೇಕು, ಆಮಾ. ಏನು ಬಿಡ್ಲಿ ಹೇಳಿ."

"ಬಿಡೋದಾದ್ರೆ ನಿನ್ ಯೋಚ್ನೆ ಬಿಡು. ಅದೇ ಐದು ಕಿಲೋ ಇದೆ."

ಜಮುನಾ ನಗಲಿಲ್ಲ. ಚೀಲವನ್ನು ಇಳಿಸಿ ಕೋಣೆಗೆ ಒಯ್ದು, ಹಾಸಿಗೆಯ ಮೇಲೆ ಮತ್ತೆ ಎಲ್ಲವನ್ನೂ ಹರವಿದಳು.

ಅವಳಿಗೆ ಮೂವತ್ತೇಳು ವರ್ಷ. ಬೇನಿ ಪಟ್ಟಣದ ಮೇಲಿನ ಗುಡ್ಡದ, ಮಗರ್ ಜನರ ಹಳ್ಳಿಯವಳು. ಹದಿನೇಳರಲ್ಲೇ ಹಣೆಗೆ ಪಟ್ಟಿ ಕಟ್ಟಿ ಚಾರಣಿಗರ ಹೊರೆ ಹೊತ್ತವಳು. ಆಮೇಲೆ ಪೋಖರಾದ ಸೈಕಲ್ ಕಂಪನಿಯೊಂದರಲ್ಲಿ ಕೆಸರು ತೊಳೆಯುವ ಕೆಲಸಕ್ಕೆ ಸೇರಿ, ನೋಡಿ ನೋಡಿಯೇ ರಿಪೇರಿ ಕಲಿತು, ಗುಡ್ಡದ ಹಾದಿಗಳಲ್ಲಿ ಸವಾರರನ್ನು ಕರೆದೊಯ್ಯುವ ಗೈಡ್ ಆಗಿದ್ದಳು. ಗೈಡ್ ಆಗಿ ಈಗ ಒಂಬತ್ತು ವರ್ಷ. ಯಾವ ವಸ್ತುವನ್ನಾದರೂ ಅಂಗೈಯಲ್ಲಿ ಆಡಿಸಿ ತೂಕ ಹೇಳಬಲ್ಲಳು. ಆದರೆ ಯಾವುದನ್ನು ಬಿಟ್ಟು ಹೋಗಬಹುದು ಎಂಬುದು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಹಾಗಿರಲಿಲ್ಲ. ಆಗ ಒಂದು ಪಂಪು, ಒಂದು ಟ್ಯೂಬು, ನಾಲ್ಕು ಸ್ಪ್ಯಾನರು, ನೀರು, ಒಂದಿಷ್ಟು ಅವಲಕ್ಕಿ. ಅಷ್ಟರಲ್ಲೇ ಹೊರಟುಬಿಡುತ್ತಿದ್ದಳು. ನೌಡಾಂಡಾದ ಕಾಡಿನಲ್ಲಿ ಅವಳ ತಂಡದಲ್ಲಿದ್ದ ನೋರ್ಬು ಎಂಬ ಶಾಲಾಮೇಷ್ಟ್ರು ಬಿದ್ದು ಮೊಣಕಾಲ ಕೆಳಗೆ ಸೀಳಿಕೊಂಡಾಗ ಅವಳ ಚೀಲದಲ್ಲಿ ಒಂದು ತುಂಡು ಬಟ್ಟೆಯೂ ಇರಲಿಲ್ಲ. ತಲೆಗೆ ಕಟ್ಟಿದ್ದ ರುಮಾಲನ್ನೇ ಬಿಗಿದಳು. ಗಾಯ ಕೀವು ಕಟ್ಟಿತು. ಮೇಷ್ಟ್ರ ಕಾಲು ಈಗಲೂ ತುಸು ಎಳೆಯುತ್ತದೆ. ಪೇಟೆಯಲ್ಲಿ ಕಂಡರೆ ಅವರು ಕೈ ಎತ್ತಿ ನಗುತ್ತಾರೆ. ಇವಳು ತರಕಾರಿ ಅಂಗಡಿಯ ಹಿಂದೆ ಸರಿದುಬಿಡುತ್ತಾಳೆ.

ಅಂದಿನಿಂದ ಚೀಲ ಊದತೊಡಗಿತು. ಮೂರು ಟ್ಯೂಬು, ಹರಿದ ಟೈರಿಗೆ ಒಳಗಿಂದ ಇಡಲು ದಪ್ಪ ತೇಪೆ, ಎರಡು ಬಗೆಯ ಬ್ರೇಕ್ ಪ್ಯಾಡು, ತಂತಿ, ಚೈನು ಬಿಚ್ಚುವ ಉಪಕರಣ, ಮೈ ಬೆಚ್ಚಗಿಡುವ ಬೆಳ್ಳಿ ಬಣ್ಣದ ತೆಳು ಹಾಳೆ, ಮುರಿದ ಮೂಳೆಗೆ ಕಟ್ಟುವ ಸ್ಪಂಜು ಹೊದಿಸಿದ ಲೋಹದ ಪಟ್ಟಿ, ಔಷಧಿ. ಕಳೆದ ವಸಂತದಲ್ಲಿ ಅದೇ ಭಾರಕ್ಕೆ ತಿರುವಿನಲ್ಲಿ ಆಯತಪ್ಪಿ ಮಂಡಿ ಊದಿಸಿಕೊಂಡಳು. ಎಲ್ಲರೂ ದಾಯಿ, ಅಂದರೆ ಅಣ್ಣ, ಎಂದು ಕರೆಯುವ ಕಂಪನಿಯ ಒಡೆಯ ಬಿಶ್ವೋ ಅವಳನ್ನು ಕೂರಿಸಿಕೊಂಡು ಹೇಳಿದ್ದ: "ಏಳು ಕಿಲೋ, ಜಮುನಾ. ಅದಕ್ಕಿಂತ ಜಾಸ್ತಿ ಹೊತ್ತರೆ ನಿನ್ನ ಬದಲು ಬೇರೆಯವರನ್ನ ಕಳಿಸ್ತೀನಿ. ಗೈಡೇ ಬಿದ್ರೆ ಜೊತೆಗೆ ಬಂದವರು ಯಾರನ್ನ ಕೇಳ್ಬೇಕು?"

ಮೂರನೆಯ ಟ್ಯೂಬನ್ನು ತೆಗೆದಿಟ್ಟಳು. ಸ್ವೆಟರೊಂದನ್ನು ತೆಗೆದಳು, ಮತ್ತೆ ಹಾಕಿದಳು, ಮತ್ತೆ ತೆಗೆದಳು. ಬಿಚ್ಚಿದ ಪ್ರತಿ ವಸ್ತುವೂ ನಾಳೆ ಎಲ್ಲೋ ಒಂದು ಕಲ್ಲಿನ ಪಕ್ಕ ಬೇಕಾಗುವುದು ಅವಳ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ತಕ್ಕಡಿ ಏಳು ಕಿಲೋ ನೂರು ತೋರಿಸಿತು. ಮೂಳೆ ಪಟ್ಟಿ ನೂರಿಪ್ಪತ್ತು ಗ್ರಾಂ. ಅದನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದಿದ್ದು, ಮಂಚದ ಕೆಳಗೆ ತಳ್ಳಿದಳು.

ಮರುದಿನ ಅವಳ ಜೊತೆಗಿದ್ದವರು ಇಬ್ಬರೇ. ಪಾಟನ್‌ನ ಬ್ಯಾಂಕಿನಲ್ಲಿ ಕೆಲಸ ಮಾಡುವ ಸುಬೋಧ್ ರಾಜಭಂಡಾರಿ, ಮತ್ತು ಅವರ ಇಪ್ಪತ್ತೆರಡರ ಮಗಳು ಆರ್ಜು. ಜೀಪಿನಲ್ಲಿ ಮುಕ್ತಿನಾಥಕ್ಕೆ ಹೋಗಿ, ಅಲ್ಲಿಂದ ಸೈಕಲ್ ತಳ್ಳಿಕೊಂಡು ಲುಪ್ರಾ ಹಳ್ಳಿಯ ಕಣಿವೆಗೆ ಇಳಿಯುವ ಬೆಟ್ಟದ ಏಣು ಹತ್ತಿದರು. ಹನ್ನೊಂದರ ಹೊತ್ತಿಗೆ ಕಾಳಿಗಂಡಕಿ ನದಿಯ ಕಡೆಯಿಂದ ಜೋರು ಗಾಳಿ ಏಳುತ್ತದೆ, ಅಷ್ಟರೊಳಗೆ ಕೆಳಗಿರಬೇಕು. ಸುಬೋಧ್ ಪ್ರತಿ ತಿರುವಿನಲ್ಲೂ ಫೋಟೋಕ್ಕೆ ನಿಲ್ಲುತ್ತಿದ್ದರು. ಏಣು ದಾಟುವಾಗಲೇ ಹತ್ತೂವರೆ.

"ದಾಯಿ, ಇನ್ನು ನಿಲ್ಲೋದು ಬೇಡ. ನನ್ನ ಹಿಂದೇನೇ ಬನ್ನಿ."

"ಆಯ್ತು ಬಹಿನಿ, ಆಯ್ತು ತಂಗಿ. ಇದೊಂದೇ ಫೋಟೋ."

ಇಳಿಜಾರು ಸಡಿಲ ಕಲ್ಲಿನದು. ಎರಡನೆಯ ತಿರುವು ದಾಟಿದ್ದರು. ಹಿಂದಿನಿಂದ ಲೋಹ ಸೀಳಿದ ಸದ್ದು ಕೇಳಿಸಿತು. ಮರುಕ್ಷಣ ಸುಬೋಧ್ "ಚೈನು! ಚೈನು ಹೋಯ್ತು!" ಎಂದು ಕೂಗಿದರು. ಜಮುನಾ ಸೈಕಲ್ ನಿಲ್ಲಿಸದೆಯೇ ತಿರುಗಿ ನೋಡಿದಳು. ಒಂಬತ್ತು ವರ್ಷ ಎಲ್ಲರಿಗೂ ಮಾಡಬೇಡಿ ಎಂದು ಹೇಳಿದ್ದನ್ನೇ ಮಾಡಿದಳು. ಮುಂದಿನ ಗಾಲಿ ಕಲ್ಲಿನ ಸಂದಿಗೆ ಇಳಿಯಿತು. ಅವಳು ಹ್ಯಾಂಡಲ್ ಮೇಲಿಂದ ಹಾರಿ ಬಲಗೈ ಊರಿ ಬಿದ್ದಳು.

ಕಣ್ಣು ಬಿಟ್ಟಾಗ ಮುಂಗೈ ಇರಬೇಕಾದ ಕಡೆ ಇರಲಿಲ್ಲ.

"ಅಯ್ಯೋ ದೇವರೇ, ಅಯ್ಯೋ..." ಸುಬೋಧ್ ಮೊಬೈಲನ್ನು ಆಕಾಶಕ್ಕೆ ಹಿಡಿದು ಆ ಕಡೆ ಈ ಕಡೆ ಓಡಾಡಿದರು. ಸಿಗ್ನಲ್ ಇರಲಿಲ್ಲ.

ಆರ್ಜು ಅವಳ ಪಕ್ಕ ಮಂಡಿಯೂರಿದಳು. "ದೀದಿ, ನನ್ನ ನೋಡಿ. ತಲೆಗೆ ಏಟು ಬಿತ್ತಾ?"

"ಇಲ್ಲ. ಕೈ. ಕಟ್ಟಬೇಕು. ಚೀಲ ಬಿಚ್ಚು."

"ಎಲ್ಲಿದೆ ಬಟ್ಟೆ?"

"ಕೆಂಪು ಪೊಟ್ಟಣ. ಅಲ್ಲಲ್ಲ, ಟ್ಯೂಬಿನ ಕೆಳಗೆ. ಎಡಕ್ಕೆ. ಒಳ ಜೇಬಲ್ಲಿ..."

ಏಳು ಕಿಲೋ ಆಗಿಸಲು ಅವಳು ಒಂದರೊಳಗೊಂದು ತುರುಕಿದ್ದಳು. ಯಾವುದು ಎಲ್ಲಿದೆ ಎಂಬುದು ಅವಳಿಗೊಬ್ಬಳಿಗೇ ಗೊತ್ತು. ನೋವಿಗೆ ಈಗ ಅವಳಿಗೂ ಮರೆತುಹೋಗುತ್ತಿತ್ತು. ಆರ್ಜು ಚೀಲವನ್ನು ತಲೆಕೆಳಗು ಮಾಡಿ ಕಲ್ಲಿನ ಮೇಲೆ ಸುರಿದಳು. ಗಾಳಿ ಎದ್ದೇಬಿಟ್ಟಿತ್ತು. ಬೆಳ್ಳಿ ಹಾಳೆ ಬಿಚ್ಚಿಕೊಂಡು ಹಾರಿ, ಬಿಸಿಲಿಗೆ ಮಿಂಚುತ್ತ ಕಣಿವೆಯ ಆಚೆಗೆ ಹೋಯಿತು. ಮೂವರೂ ಅದನ್ನೇ ನೋಡಿದರು.

"ಬುವಾ, ಉಳಿದದ್ದರ ಮೇಲೆ ಕೂತ್ಕೋ!" ಆರ್ಜು ಕೂಗಿದಳು. ತಂದೆ ಮಗಳ ಮಾತಿಗೆ ಪುಟ್ಟ ಮಗುವಿನಂತೆ ಕುಳಿತರು.

ಮೂಳೆ ಪಟ್ಟಿ ಕಾಗ್‌ಬೇನಿಯ ಮಂಚದ ಕೆಳಗಿತ್ತು. ಜಮುನಾ ಅದನ್ನು ಹೇಳಲು ಹೋಗಿ ಅತ್ತುಬಿಟ್ಟಳು. ಆರ್ಜು ತನ್ನ ಮಂಡಿಗೆ ಕಟ್ಟಿದ್ದ ಗಟ್ಟಿ ಕವಚವನ್ನು ಬಿಚ್ಚಿ, ಮುರಿದ ಮುಂಗೈಯ ಸುತ್ತ ಸುತ್ತಿ, ಟೇಪಿನಿಂದ ಬಿಗಿದಳು. ಬಟ್ಟೆಯಿಂದ ಕೈಯನ್ನು ಕೊರಳಿಗೆ ತೂಗುಹಾಕಿದಳು. "ತುಂಬಾ ಬಿಗಿ ಆಯ್ತಾ? ಬೆರಳು ಆಡಿಸಿ ನೋಡೋಣ." ಬೆರಳು ಆಡಿದವು.

ಆಗ ಜಮುನಾಳಿಗೆ ಕೈಗಿಂತ ದೊಡ್ಡ ಹೆದರಿಕೆ ಹತ್ತಿತು. ತಾನು ಇಲ್ಲಿ ಎಚ್ಚರ ತಪ್ಪಿದರೆ ಈ ಇಬ್ಬರಿಗೆ ಕೆಳಗಿನ ದಾರಿ ಗೊತ್ತಿಲ್ಲ. ಚೀಲದಲ್ಲಿ ನಕ್ಷೆಯೂ ಇಲ್ಲ. ಅವಳು ಯಾವತ್ತೂ ನಕ್ಷೆ ಇಟ್ಟವಳಲ್ಲ.

"ದಾಯಿ, ಕೇಳಿ. ನೀವು ಮುಂದೆ ಹೋಗ್ಬೇಕು. ಲುಪ್ರಾದಿಂದ ಹೊಳೆಯ ಪಾತ್ರ ಹಿಡಿದು ರಸ್ತೆವರೆಗೆ. ಅಲ್ಲಿ ಫೋನ್ ಸಿಗುತ್ತೆ, ಜೀಪು ಕರೀರಿ. ಕೆಳಗೆಲ್ಲ ಸಮತಟ್ಟು, ಎದುರು ಗಾಳಿ. ಚೈನಿಲ್ಲದೆ ಆಗಲ್ಲ. ನನ್ ಸೈಕಲ್ಲಿನ ಗಾಲಿ ಸೊಟ್ಟಾಗಿದೆ, ಆರ್ಜುದು ನಿಮಗೆ ತೀರಾ ಚಿಕ್ಕದು."

"ನನಗೆ ಪಂಕ್ಚರ್ ಹಾಕೋಕೂ ಬರಲ್ಲ, ಬಹಿನಿ."

"ನಾನ್ ಮಾಡ್ತೀನಿ. ದೀದಿ, ಹೇಳ್ತಾ ಹೋಗಿ," ಎಂದಳು ಆರ್ಜು.

ಮುರಿದ ಕೊಂಡಿಯ ಮೊಳೆಯನ್ನು ಹೊರತಳ್ಳುವುದು, ಎರಡು ತುದಿಗಳನ್ನು ಹತ್ತಿರ ತರುವುದು, ಜೋಡಿಸುವ ಕೊಂಡಿಯನ್ನು ಸಿಕ್ಕಿಸುವುದು. ಜಮುನಾಳ ಕೈ ಎರಡು ನಿಮಿಷದಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಬಾಯಿ ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಆರ್ಜು ಒಮ್ಮೆ ಉಪಕರಣವನ್ನು ತಿರುವುಮುರುವು ಹಿಡಿದಳು, ಒಮ್ಮೆ ಕೊಂಡಿಯನ್ನು ಕಲ್ಲುಗಳ ನಡುವೆ ಬೀಳಿಸಿದಳು. ಮೂವರೂ ತಡಕಾಡಿ ಹುಡುಕಿದರು. ಕೊನೆಗೆ ಪೆಡಲು ತುಳಿದಾಗ ಕಟಕ್ ಎಂದು ಅದು ಕೂತಿತು.

"ದಾರಿ ಕವಲಾದ ಕಡೆ ಎಡಕ್ಕೆ, ದಾಯಿ. ಬಲಕ್ಕೆ ಹೋದ್ರೆ ಕಮರಿ. ಏನು ಹೇಳಿದೆ?"

"ಎಡಕ್ಕೆ. ಬಲಕ್ಕೆ ಕಮರಿ." ಮಗಳ ತಲೆ ಮುಟ್ಟಿ ಸುಬೋಧ್ ಹೊರಟರು.

ಉಳಿದೆರಡು ಸೈಕಲ್ಲುಗಳನ್ನು ಅಲ್ಲೇ ಬಿಟ್ಟು ಹೆಂಗಸರಿಬ್ಬರೂ ನಡೆದೇ ಇಳಿದರು. ಪ್ರತಿ ಹೆಜ್ಜೆಗೂ ಮುಂಗೈಯಿಂದ ಹಲ್ಲಿನವರೆಗೆ ನೋವು ಏರುತ್ತಿತ್ತು. ಕವಲಿನಲ್ಲಿ ಜಮುನಾ ಬಗ್ಗಿ ಧೂಳನ್ನು ನೋಡಿದಳು. ಟೈರಿನ ಗುರುತು ಬಂಡೆಯ ಮೇಲೆ ಮಾಯವಾಗಿತ್ತು. ಎಡಕ್ಕೆ ಹೋದರೋ, ಬಲಕ್ಕೋ? ಇಬ್ಬರೂ ಎಡಕ್ಕೆ ತಿರುಗಿದರು. ಲುಪ್ರಾ ತಲುಪಿದಾಗ ಎರಡು ಗಂಟೆ. ಹೊಲದಲ್ಲಿ ಧಾನ್ಯ ಬಡಿಯುತ್ತಿದ್ದ ಹೆಂಗಸೊಬ್ಬಳು, ಸೈಕಲ್ಲಿನವರು ಯಾರನ್ನೂ ನೋಡಲಿಲ್ಲ ಎಂದಳು.

ಆ ಮಾತು ಕೇಳಿ ಆರ್ಜುವಿನ ಮುಖ ಬಿಳಿಚಿತು. ಜಮುನಾ ಒಂದು ಕಟ್ಟೆಯ ಮೇಲೆ ಕುಳಿತು, ಒಳ್ಳೆಯ ಕೈಯಿಂದ ಹುಡುಗಿಯ ಕೈ ಹಿಡಿದುಕೊಂಡಳು. ಊರವರು ಬಿಸಿ ನೀರು ಕೊಟ್ಟರು, ಕುಡಿಯಲಾಗಲಿಲ್ಲ. ಕಮರಿಯ ಕಡೆಗೆ ಯಾರನ್ನು ಕಳಿಸಲಿ ಎಂದು ಅವಳು ಲೆಕ್ಕ ಹಾಕುತ್ತಿದ್ದಾಗಲೇ, ನಾಲ್ಕಕ್ಕೆ ಸ್ವಲ್ಪ ಮುಂಚೆ, ಹೊಳೆಯ ಕಲ್ಲುಗಳ ಮೇಲೆ ಜೀಪೊಂದು ಕುಲುಕುತ್ತ ಬಂತು. ಮುಂದಿನ ಸೀಟಿನಲ್ಲಿ ಧೂಳಿನ ಮೂಟೆಯಂತೆ ಸುಬೋಧ್ ಕುಳಿತಿದ್ದರು. ಹೊಲದ ಹೆಂಗಸು ಮನೆಗೆ ಹೋಗಿದ್ದ ಹೊತ್ತಿನಲ್ಲಿ ಅವರು ಊರು ದಾಟಿದ್ದರು. ಇಳಿದವರೇ ಮಗಳನ್ನು ಅಪ್ಪಿಕೊಂಡು ಬಿಕ್ಕಿದರು.

ಮೂಳೆ ಎರಡು ಕಡೆ ಮುರಿದಿತ್ತು. ಪೋಖರಾಕ್ಕೆ ಮರಳಿದ ಜಮುನಾ ಎರಡು ತಿಂಗಳು ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಚೈನು ಒರೆಸಿದಳು. ಕೆಲಸ ಹೋಯಿತೆಂದೇ ಅವಳು ನಂಬಿದ್ದಳು. ಒಂದು ದಿನ ತಡೆಯಲಾಗದೆ ಬಿಶ್ವೋನಿಗೆ ಹೇಳಿಬಿಟ್ಟಳು.

"ಮೂಳೆ ಪಟ್ಟಿ ಬಿಟ್ಟು ಹೋಗಿದ್ದೆ, ದಾಯಿ. ಏಳು ಕಿಲೋ ಅಂದಿದ್ರಲ್ಲ, ಅದಕ್ಕೇ."

"ಎಂಟು ಮಾಡ್ಲಾ?"

ಅವಳು ಒರೆಸುತ್ತಿದ್ದ ಚೈನನ್ನು ಕೆಳಗಿಟ್ಟಳು. "ಬೇಡ. ಏಳೇ ಇರ್ಲಿ. ಆದ್ರೆ ಹೊರಡೋ ಮುಂಚೆ ನಂಗೆ ಒಂದು ಗಂಟೆ ಕೊಡಿ."

ಮಳೆಗಾಲ ಮುಗಿದ ಮೇಲಿನ ಮೊದಲ ತಂಡದಲ್ಲಿ ನಾಲ್ವರಿದ್ದರು. ಜಮುನಾ ಚೀಲವನ್ನು ಚಾಪೆಯ ಮೇಲೆ ಸುರಿದು, ಅವರ ಮುಂದೆ ದಾರಿಯ ನಕ್ಷೆಯನ್ನೂ ಬಿಡಿಸಿದಳು. "ಒಬ್ಬೊಬ್ಬರಾಗಿ ತುಂಬಿ. ಆಮೇಲೆ ಕಣ್ಣು ಮುಚ್ಚಿ ನಾನು ಕೇಳಿದ್ದನ್ನ ತೆಗೆದು ಕೊಡಿ."

"ನಾವು ಸೈಕಲ್ ಓಡಿಸೋಕೆ ಬಂದಿದ್ದು, ದೀದಿ, ಪರೀಕ್ಷೆ ಬರೆಯೋಕಲ್ಲ," ಎಂದು ಧರಾನಿನಿಂದ ಬಂದಿದ್ದ ಗಡ್ಡದವನು ಗೊಣಗಿದ.

"ಫೇಲಾದ್ರೆ ಇಲ್ಲೇ ಬಿಟ್ಟು ಹೋಗ್ತೀನಿ, ಭಾಯಿ."

ಅವನು ನಗುತ್ತ ಚೈನಿನ ಉಪಕರಣ ಕೈಗೆತ್ತಿಕೊಂಡ. ತಪ್ಪಾಗಿ ಹಿಡಿದಿದ್ದ. ಕಸಿದುಕೊಂಡು ತಾನೇ ತೋರಿಸಿಬಿಡಬೇಕೆಂದು ಜಮುನಾಳ ಬೆರಳು ತವಕಿಸಿದವು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಳು. ಅವನು ತಿರುಗಿಸಿ ನೋಡಿದ, ಹುಬ್ಬು ಗಂಟಿಕ್ಕಿದ, ಮತ್ತೆ ತಿರುಗಿಸಿದ. ಅವಳು ಕಾಯುತ್ತಲೇ ಇದ್ದಳು.